ನಲವತ್ತರ ವಯಸ್ಸಿಗೊಂದು ಎಂ.ಎ.

1836ರ ಮಾರ್ಚ್ ತಿಂಗಳಲ್ಲಿ ಬೊಂಬಾಯಿಯಲ್ಲಿ ಒಬ್ಬ ಅಮೆರಿಕನ್ ಪ್ರವಾಸಿ ಕಾಯಿಲೆಯಿಂದ ತೀರಿಕೊಂಡರು. ಹೆಸರು ಜಾನ್ ಲೋವೆಲ್, ವಯಸ್ಸು 36. ಬಾಸ್ಟನ್ ನಗರದ ಬಟ್ಟೆ ಗಿರಣಿಗಳ ಶ್ರೀಮಂತ ಮನೆತನದವರು. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡು ದೇಶಾಂತರ ಹೊರಟಿದ್ದರು. ದಾರಿಯಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ, ಹಳೆಯ ದೇವಾಲಯಗಳ ಅವಶೇಷಗಳ ನಡುವೆ, ತಮ್ಮ ಉಯಿಲನ್ನು ತಿದ್ದಿ ಬರೆದರು. ಆಸ್ತಿಯ ಅರ್ಧಭಾಗ ಬಾಸ್ಟನ್ನಿನ ಸಾಮಾನ್ಯ ಜನರಿಗಾಗಿ ಉಪನ್ಯಾಸಗಳನ್ನು ಏರ್ಪಡಿಸಲು ಹೋಗಬೇಕು ಎಂಬುದು ಅದರ ಸಾರ. ಸಾರ್ವಜನಿಕ ಉಪನ್ಯಾಸಗಳಿಗೆ ಹಣ ಪಡೆಯುವಂತಿಲ್ಲ. ಇನ್ನೂ ಆಳವಾಗಿ ಕಲಿಯಬೇಕೆನ್ನುವವರಿಗೆ ಬೇರೆ ತರಗತಿ ನಡೆಸಿದರೆ ಶುಲ್ಕ ಪಡೆಯಬಹುದು, ಆದರೆ ಆರು ತಿಂಗಳಿಗೆ ಅದು ಎರಡು ಬುಷೆಲ್ ಗೋಧಿಯ ಬೆಲೆಯನ್ನು ಮೀರಬಾರದು. ಒಂದು ಬುಷೆಲ್ ಗೋಧಿಯೆಂದರೆ ಸುಮಾರು 27 ಕಿಲೋ. ನಮ್ಮ ಲೆಕ್ಕದಲ್ಲಿ ಅರ್ಧ ಕ್ವಿಂಟಾಲಿಗಿಂತ ತುಸು ಹೆಚ್ಚು ಗೋಧಿಗೆ ಆರು ತಿಂಗಳ ವಿದ್ಯೆ!

ಉಪನ್ಯಾಸಗಳು 1839ರ ಕೊನೆಯಲ್ಲಿ ಆರಂಭವಾದವು. ಯೇಲ್ ಕಾಲೇಜಿನ ವಿಜ್ಞಾನಿ ಬೆಂಜಮಿನ್ ಸಿಲಿಮನ್ ಅವರ ಉಪನ್ಯಾಸಕ್ಕೆ ಟಿಕೆಟ್ ಪಡೆಯಲು ಬಂದ ಜನರ ನೂಕುನುಗ್ಗಲಿಗೆ ಪುಸ್ತಕದ ಅಂಗಡಿಯೊಂದರ ಕಿಟಕಿಗಳೇ ಒಡೆದವಂತೆ. ವಿಜ್ಞಾನ ಕೇಳಲು ಜನ ಕಿಟಕಿ ಒಡೆದ ಕಾಲವೂ ಒಂದಿತ್ತು. 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ, ಅದೇ ಮನೆತನದ ಅಬಟ್ ಲಾರೆನ್ಸ್ ಲೋವೆಲ್, ಹಗಲಿಡೀ ದುಡಿಯುವವರಿಗೆಂದು ಸಂಜೆಯ ತರಗತಿಗಳ ಒಂದು ವಿಭಾಗವನ್ನೇ ಸ್ಥಾಪಿಸಿದರು. ಶುಲ್ಕಕ್ಕೆ ಆ ಗೋಧಿಯ ಮಾತೇ ಆಧಾರವಾಯಿತು. ಹಾರ್ವರ್ಡ್ ಎಕ್ಸ್‌ಟೆನ್ಷನ್ ಸ್ಕೂಲ್ ಎಂಬ ಹೆಸರಿನಲ್ಲಿ ಆ ವಿಭಾಗ ಇಂದಿಗೂ ಇದೆ, ಉದ್ಯೋಗದಲ್ಲಿರುವವರಿಗೆ ಸ್ನಾತಕೋತ್ತರ ಪದವಿಯನ್ನೂ ನೀಡುತ್ತದೆ.

ಉದ್ಯೋಗದಲ್ಲಿರುವವರಿಗೆ ಸ್ನಾತಕೋತ್ತರ ಪದವಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಎಂ.ಬಿ.ಎ., ಇಲ್ಲವೇ ಬಡ್ತಿಗೆ ಬೇಕಾದ ಒಂದು ಅಂಕಪಟ್ಟಿ. ಅಮೆರಿಕದ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳಲ್ಲಿ ಇದಕ್ಕಿಂತ ಬೇರೆಯದೇ ಆದ ಒಂದು ಪರಂಪರೆ ಬೆಳೆದುಬಂದಿದೆ. ವಕೀಲರು, ದಾದಿಯರು, ಸೈನ್ಯದಿಂದ ನಿವೃತ್ತರಾದವರು, ಎಂಜಿನಿಯರುಗಳು, ಎಲ್ಲಕ್ಕಿಂತ ಹೆಚ್ಚಾಗಿ ಶಾಲಾ ಶಿಕ್ಷಕರು, ತಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸದ ವಿಷಯಗಳನ್ನು ಎರಡು ಮೂರು ವರ್ಷ ಸಂಜೆ ಅಥವಾ ಬೇಸಿಗೆ ರಜೆಯಲ್ಲಿ ಓದಿ ಎಂ.ಎ. ಪಡೆಯುತ್ತಾರೆ. ಇದರಿಂದ ಅವರಿಗೇನು ಲಾಭ? ಹಣ ಕೊಡುವ ಮನೆಯವರು ಮೊದಲು ಕೇಳುವ ಪ್ರಶ್ನೆಯೇ ಇದು, ಕೇಳಬೇಕಾದದ್ದೂ ಹೌದು.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ನಮ್ಮಲ್ಲಿ 'ಆರ್ಟ್ಸ್' ಎಂದರೆ ಸೈನ್ಸಿಗೂ ಕಾಮರ್ಸಿಗೂ ಸೀಟು ಸಿಗದವರು ಸೇರುವ ವಿಭಾಗ ಎಂಬ ಭಾವನೆ ಪಿ.ಯು.ಸಿ. ಮಟ್ಟದಲ್ಲಿ ಬೇರೂರಿದೆ. ಲಿಬರಲ್ ಆರ್ಟ್ಸ್ ಎಂಬ ಮಾತಿಗೂ ಈ ಅರ್ಥಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಲಿಬರ್' ಎಂದರೆ ಸ್ವತಂತ್ರ. ಗುಲಾಮನಲ್ಲದ, ತನ್ನ ಬುದ್ಧಿಯಿಂದ ತಾನೇ ನಿರ್ಧಾರ ಮಾಡಬೇಕಾದ ಮನುಷ್ಯನಿಗೆ ತಕ್ಕ ವಿದ್ಯೆಗಳು ಎಂಬುದು ಮೂಲಾರ್ಥ. ಮಧ್ಯಯುಗದ ಯೂರೋಪಿನಲ್ಲಿ ಅವು ಏಳು: ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಏಳರಲ್ಲಿ ಮೂರು ಇಂದು ನಾವು ಗಣಿತ, ವಿಜ್ಞಾನ ಎಂದು ಕರೆಯುವಂಥವು. ಸಂಗೀತವನ್ನೂ ಅಂದು ಕಲಿಸುತ್ತಿದ್ದುದು ಸ್ವರಗಳ ನಡುವಿನ ಅನುಪಾತಗಳ ಗಣಿತವಾಗಿಯೇ. ಲಿಬರಲ್ ಆರ್ಟ್ಸ್ ಓದುವವರು ಲೆಕ್ಕಕ್ಕೆ ಹೆದರಿ ಓಡಿಬಂದವರು ಎಂದು ತಿಳಿಯಬೇಕಾಗಿಲ್ಲ.

ಈ ಪರಂಪರೆಯ ಸ್ನಾತಕೋತ್ತರ ಶಿಕ್ಷಣಕ್ಕೆ ಮೊದಲ ಹೆಜ್ಜೆ ಇಟ್ಟದ್ದು ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯ. ವರ್ಷ 1953. ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರು ಬಂದು ಓದುವಂತೆ ಅದನ್ನು ರೂಪಿಸಲಾಯಿತು. ಇದರ ಹಿಂದೆ ಸಂಬಳದ ಲೆಕ್ಕಾಚಾರವೂ ಇತ್ತು ಎಂಬುದನ್ನು ಮರೆಯಬಾರದು. ಅಮೆರಿಕದ ಬಹುಪಾಲು ಶಾಲಾ ಜಿಲ್ಲೆಗಳಲ್ಲಿ ಶಿಕ್ಷಕರ ಸಂಬಳ ಎರಡು ಅಂಶಗಳ ಮೇಲೆ ನಿಂತಿರುತ್ತದೆ: ಎಷ್ಟು ವರ್ಷ ಸೇವೆ, ಎಂಥ ಪದವಿ. ಸ್ನಾತಕೋತ್ತರ ಪದವಿ ಇದ್ದರೆ ಸಂಬಳದ ಶ್ರೇಣಿಯೇ ಬದಲಾಗುತ್ತದೆ. ಹೀಗಾಗಿ ಸಾವಿರಾರು ಶಿಕ್ಷಕರು ಬೋಧನಾ ವಿಧಾನದ ಕೋರ್ಸುಗಳನ್ನು ಓದುತ್ತಿದ್ದರು. ಹೇಗೆ ಕಲಿಸಬೇಕು ಎಂಬುದನ್ನೇ ಮತ್ತೆ ಮತ್ತೆ ಕಲಿಯುವ ಬದಲು, ಕಲಿಸಬೇಕಾದ ವಿಷಯವನ್ನೇ ಇನ್ನೊಮ್ಮೆ ಆಳವಾಗಿ ಓದಲಿ ಎಂಬುದು ವೆಸ್ಲಿಯನ್ನಿನ ಆಲೋಚನೆ. ಬಿ.ಎಡ್. ಮಾಡಿದ ಯಾರಿಗಾದರೂ ಇದರ ಬೆಲೆ ತಿಳಿಯುತ್ತದೆ. 1962ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಇದೇ ದಾರಿ ಹಿಡಿಯಿತು, ಮುಂದೆ ಹಲವು ವಿಶ್ವವಿದ್ಯಾಲಯಗಳು ಅನುಸರಿಸಿದವು.

ಇವುಗಳಲ್ಲೆಲ್ಲ ಅತ್ಯಂತ ವಿಶಿಷ್ಟವಾದದ್ದು ಸೇಂಟ್ ಜಾನ್ಸ್ ಕಾಲೇಜಿನ ಕೋರ್ಸು. ಹೆಸರು ಕಾಲೇಜು ಎಂದಿದ್ದರೂ ಅದು ತಾನೇ ಪದವಿ ಕೊಡುವ ಸಂಸ್ಥೆ. ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ ಒಂದು, ನ್ಯೂ ಮೆಕ್ಸಿಕೋದ ಸಾಂಟಾ ಫೆ ಎಂಬಲ್ಲಿ ಇನ್ನೊಂದು ಆವರಣವಿದೆ. 1967ರಲ್ಲಿ ಸಾಂಟಾ ಫೆಯಲ್ಲಿ, ಇಲ್ಲಿಯೂ ಶಾಲಾ ಶಿಕ್ಷಕರಿಗಾಗಿಯೇ, ಬೇಸಿಗೆಯ ಎಂ.ಎ. ಆರಂಭವಾಯಿತು. ಮುಂದೆ ಎಲ್ಲ ವೃತ್ತಿಯವರಿಗೂ ಬಾಗಿಲು ತೆರೆಯಿತು. ಸಾಹಿತ್ಯ, ತತ್ತ್ವಶಾಸ್ತ್ರ ಮತ್ತು ಧರ್ಮಚಿಂತನೆ, ರಾಜಕೀಯ ಮತ್ತು ಸಮಾಜ, ಗಣಿತ ಮತ್ತು ನಿಸರ್ಗವಿಜ್ಞಾನ, ಇತಿಹಾಸ ಎಂದು ಐದು ಭಾಗಗಳಿವೆ. ಯಾವುದಾದರೂ ನಾಲ್ಕನ್ನು ಮುಗಿಸಿದರೆ ಪದವಿ.

ಇಲ್ಲಿ ಪಠ್ಯಪುಸ್ತಕವಿಲ್ಲ, ನೋಟ್ಸ್ ಇಲ್ಲ, ಉಪನ್ಯಾಸವೂ ಇಲ್ಲ. ಒಂದು ದೊಡ್ಡ ಮೇಜು, ಅದರ ಸುತ್ತ ಹದಿನೈದು ಇಪ್ಪತ್ತು ಜನ. ಎಲ್ಲರೂ ಮೂಲಗ್ರಂಥದ ಅದೇ ಭಾಗವನ್ನು ಓದಿಕೊಂಡು ಬಂದಿರಬೇಕು. ಅಧ್ಯಾಪಕರನ್ನು ಪ್ರೊಫೆಸರ್ ಎನ್ನುವುದಿಲ್ಲ, ಟ್ಯೂಟರ್ ಎನ್ನುತ್ತಾರೆ. ಅವರು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಅಲ್ಲಿಂದ ಮುಂದೆ ಮಾತು ವಿದ್ಯಾರ್ಥಿಗಳದು. 'ಇಂಥ ವಿದ್ವಾಂಸರು ಹೀಗೆ ಹೇಳಿದ್ದಾರೆ' ಎಂದು ಹೊರಗಿನ ಪ್ರಮಾಣ ತರುವಂತಿಲ್ಲ. ಎದುರಿಗಿರುವ ಪುಟದಲ್ಲಿ ಏನಿದೆ ಎಂಬುದರ ಮೇಲೆಯೇ ವಾದ ನಿಲ್ಲಬೇಕು. ಟ್ಯೂಟರೂ ಸೇರಿದಂತೆ ಎಲ್ಲರೂ ಒಬ್ಬರನ್ನೊಬ್ಬರು ಮನೆತನದ ಹೆಸರಿಗೆ ಮಿಸ್ಟರ್ ಅಥವಾ ಮಿಸ್ ಸೇರಿಸಿ ಕರೆಯುವುದು ವಾಡಿಕೆ. ಡಾಕ್ಟರೇಟ್ ಇದ್ದವರಿಗೂ ಬೇರೆ ಬಿರುದಿಲ್ಲ. ಭೌತಶಾಸ್ತ್ರ ಓದಿ ಬಂದ ಟ್ಯೂಟರ್ ಹೋಮರನ ಕಾವ್ಯದ ಚರ್ಚೆಗೂ ಕೂರಬೇಕು, ಸಾಹಿತ್ಯ ಓದಿದವರು ರೇಖಾಗಣಿತದ ಪ್ರಮೇಯಕ್ಕೂ ತಲೆ ಕೊಡಬೇಕು.

ಗಣಿತದ ಭಾಗವನ್ನೇ ನೋಡಿ. ಅಲ್ಲಿ ಓದುವುದು ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್‌ನನ್ನು. ಕೊಟ್ಟ ರೇಖೆಯ ಮೇಲೆ ಸಮಬಾಹು ತ್ರಿಭುಜ ರಚಿಸುವುದು ಅವನ ಗ್ರಂಥದ ಮೊದಲ ಹೆಜ್ಜೆ. ರೇಖೆಯ ಎರಡು ತುದಿಗಳನ್ನು ಕೇಂದ್ರವಾಗಿಟ್ಟುಕೊಂಡು, ಆ ರೇಖೆಯನ್ನೇ ತ್ರಿಜ್ಯವಾಗಿಸಿ ಎರಡು ವೃತ್ತ ಎಳೆಯಬೇಕು. ಅವು ಕೂಡುವ ಬಿಂದುವೇ ತ್ರಿಭುಜದ ತುದಿ. ನಮ್ಮ ಎಂಟನೆಯ ತರಗತಿಯ ಮಗುವೂ ಇದನ್ನು ಕೈವಾರ ಹಿಡಿದು ಮಾಡುತ್ತದೆ. ಆದರೆ ಆ ಮೇಜಿನ ಸುತ್ತ ಕುಳಿತ ಒಬ್ಬ ವಕೀಲ ಕೇಳಬಹುದು: 'ಈ ಎರಡು ವೃತ್ತಗಳು ಕೂಡುತ್ತವೆ ಎಂಬುದಕ್ಕೆ ಆಧಾರವೇನು?' ಚಿತ್ರದಲ್ಲಿ ಕೂಡಿವೆ, ನಿಜ. ಆದರೆ ಚಿತ್ರ ಸಾಕ್ಷ್ಯವಲ್ಲವಲ್ಲ! ಯೂಕ್ಲಿಡ್ ಅದನ್ನು ಸಾಧಿಸಿಲ್ಲ. ಅವನ ಆಧಾರಪ್ರತಿಜ್ಞೆಗಳಲ್ಲಿ ಅದನ್ನು ಹೇಳಿಯೂ ಇಲ್ಲ. ಇಪ್ಪತ್ತೆರಡು ಶತಮಾನಗಳ ನಂತರ ಗಣಿತಜ್ಞರು ಗಂಭೀರವಾಗಿ ಮುಚ್ಚಿದ ಕಂದಕ ಅದು. ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿಸಿಕೊಂಡವರು, ಪ್ರಮೇಯ ಬಾಯಿಪಾಠ ಮಾಡಿದವರ ಕಣ್ಣಿಗೆ ಬೀಳದ್ದನ್ನು ಮೊದಲ ದಿನವೇ ಕಂಡುಬಿಡುವುದು ಸಾಧ್ಯ. ವಯಸ್ಸಾದವರಿಗೆ ಗಣಿತ ಕಲಿಸುವುದರ ಸೊಗಸು ಇರುವುದೇ ಇಲ್ಲಿ.

ಮುಂದೆ ಬರುವುದು ಐದನೆಯ ಆಧಾರಪ್ರತಿಜ್ಞೆ. ಎರಡು ಸರಳರೇಖೆಗಳನ್ನು ಮೂರನೆಯದೊಂದು ಛೇದಿಸಿದಾಗ ಒಂದೇ ಬದಿಯ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಿಮೆಯಾದರೆ, ಬೆಳೆಸಿದಾಗ ಆ ರೇಖೆಗಳು ಅದೇ ಬದಿಯಲ್ಲಿ ಕೂಡುತ್ತವೆ ಎಂಬುದು ಅದರ ಸಾರಾಂಶ. ಬೇರೆ ನಾಲ್ಕರಷ್ಟು ಇದು ಸರಳವಲ್ಲ. ಯೂಕ್ಲಿಡ್‌ನಿಗೂ ಅಳುಕಿತ್ತೋ ಏನೋ, ಮೊದಲ 28 ಪ್ರಮೇಯಗಳಲ್ಲಿ ಅದನ್ನು ಮುಟ್ಟುವುದೇ ಇಲ್ಲ; 29ರಲ್ಲಿ ಮೊದಲ ಬಾರಿಗೆ ಬಳಸುತ್ತಾನೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸೂರ್ಯ ಹುಟ್ಟುವಷ್ಟು ಖಚಿತವಾದ ಮಾತು, 32ನೆಯ ಪ್ರಮೇಯ. ಅದು ನಿಂತಿರುವುದು ಈ ಐದನೆಯ ಪ್ರತಿಜ್ಞೆಯ ಮೇಲೆ.

ಯೂಕ್ಲಿಡ್ ಮುಗಿದೊಡನೆ ವಿದ್ಯಾರ್ಥಿಗಳ ಕೈಗೆ ಬರುವುದು ರಷ್ಯದ ಕಜಾನ್ ವಿಶ್ವವಿದ್ಯಾಲಯದ ಲೊಬಚೆವ್‌ಸ್ಕಿ ಸಮಾಂತರ ರೇಖೆಗಳ ಬಗ್ಗೆ 1840ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕ. ಅವನು ಐದನೆಯ ಪ್ರತಿಜ್ಞೆಯನ್ನು ಬಿಟ್ಟು, ಒಂದು ರೇಖೆಗೆ ಹೊರಗಿನ ಬಿಂದುವಿನ ಮೂಲಕ ಆ ರೇಖೆಯನ್ನು ಸಂಧಿಸದ ಹಲವು ರೇಖೆಗಳಿರಬಹುದು ಎಂದು ಇಟ್ಟುಕೊಂಡು ಹೊರಡುತ್ತಾನೆ. ಎಲ್ಲಿಯೂ ವಿರೋಧ ಬರುವುದಿಲ್ಲ. ಅಲ್ಲಿ ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ. ತ್ರಿಭುಜದ ವಿಸ್ತೀರ್ಣ ಹೆಚ್ಚಿದಷ್ಟೂ ಕೊರತೆ ಹೆಚ್ಚು. ಹಾಗಾದರೆ ನಾವು ಬದುಕುತ್ತಿರುವ ಈ ಅವಕಾಶ ಯಾರದು, ಯೂಕ್ಲಿಡ್‌ನದೋ ಲೊಬಚೆವ್‌ಸ್ಕಿಯದೋ? ಅದನ್ನು ಅಳೆದೇ ತಿಳಿಯಬೇಕು ಎಂಬ ಅರಿವು ಬಂದಮೇಲೆಯೇ 1915ರ ಐನ್‌ಸ್ಟೈನ್ ಸಿದ್ಧಾಂತದ 'ಬಾಗಿದ ಅವಕಾಶ' ಎಂಬ ಮಾತಿಗೆ ಅರ್ಥ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ 180 ಎಂದು ಬರೆದ ಗಣಿತ ಶಿಕ್ಷಕಿ ಇದನ್ನು ಓದಿ ತರಗತಿಗೆ ಮರಳಿದರೆ ಪಾಠ ಮೊದಲಿನಂತೆಯೇ ಇದ್ದೀತೆ? ಪಠ್ಯಕ್ರಮ ಬದಲಾಗುವುದಿಲ್ಲ, ಅಂಕವೂ ಅಷ್ಟೇ. ಆದರೆ 'ಯಾಕೆ ಮಿಸ್?' ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದಾಗ 'ಸುಮ್ಮನೆ ಬರ್ಕೋ' ಎನ್ನುವುದು ಕಷ್ಟವಾಗುತ್ತದೆ.

ಸಾಂಟಾ ಫೆಯ ಆವರಣದಲ್ಲಿ 1990ರ ದಶಕದಿಂದ ಪೌರ್ವಾತ್ಯ ಗ್ರಂಥಗಳ ಎಂ.ಎ. ಕೂಡ ಇದೆ. ಉಪನಿಷತ್ತು, ಭಗವದ್ಗೀತೆ, ಕನ್‌ಫ್ಯೂಷಿಯಸನ ವಚನಗಳು, ಜಪಾನಿನ ಗೆಂಜಿಯ ಕತೆ ಇವನ್ನೆಲ್ಲ ಓದುವುದರ ಜೊತೆಗೆ ಸಂಸ್ಕೃತ ಅಥವಾ ಪ್ರಾಚೀನ ಚೀನೀ ಭಾಷೆಯನ್ನು ಕಲಿಯುವುದು ಕಡ್ಡಾಯ. ಎಂಟನೆಯ ತರಗತಿಯಲ್ಲಿ ನೂರಕ್ಕೆ ನೂರು ಅಂಕ ಬರುತ್ತದೆಂದು ಸಂಸ್ಕೃತ ತೆಗೆದುಕೊಂಡು, ಹತ್ತು ಮುಗಿದೊಡನೆ ಕೈಬಿಡುವ ನಮ್ಮ ಮಕ್ಕಳು ಇದನ್ನು ಕೇಳಿ ನಕ್ಕಾರು. ಅಲ್ಲಿ ಅದನ್ನು ಕಲಿಯುವವರಿಗೆ ಅಂಕದ ಆಸೆಯಿಲ್ಲ, ಗೀತೆಯ ಒಂದು ಶ್ಲೋಕವನ್ನು ತಾವೇ ಬಿಡಿಸಿಕೊಳ್ಳುವ ಆಸೆ.

ಹೊಗಳಿಕೆ ಇಷ್ಟು ಸಾಕು. ಇಂಥ ಕೋರ್ಸುಗಳ ಮಿತಿಗಳೂ ಸಣ್ಣವಲ್ಲ. ಡಾರ್ವಿನ್ನನ ಪುಸ್ತಕವನ್ನು ಮೇಜಿನ ಸುತ್ತ ಚರ್ಚಿಸುವುದು ಬೇರೆ, ಜೀವಶಾಸ್ತ್ರ ಕಲಿಯುವುದು ಬೇರೆ. ಉಪಕರಣ ಮುಟ್ಟದೆ, ತಪ್ಪು ಅಳತೆ ತೆಗೆದು ಮತ್ತೆ ತೆಗೆಯದೆ ವಿಜ್ಞಾನ ಪೂರ್ತಿಯಾಗುವುದಿಲ್ಲ. ಹಳೆಯ ಗ್ರಂಥಗಳ ಮೇಲೆ ಇಷ್ಟು ಒತ್ತು ಕೊಟ್ಟಾಗ ಕಳೆದ ಐವತ್ತು ವರ್ಷಗಳ ವಿಜ್ಞಾನ ಹೊರಗೇ ಉಳಿಯುತ್ತದೆ. ಇನ್ನು ಹಣ. ಇಡೀ ಪದವಿಯ ಶುಲ್ಕ ನಮ್ಮ ಹೈಸ್ಕೂಲು ಶಿಕ್ಷಕರ ಒಂದು ವರ್ಷದ ಸಂಬಳವನ್ನು ಮೀರುತ್ತದೆ. ಗೋಧಿಯ ಕಾಲ ಎಂದೋ ಮುಗಿದಿದೆ. 2020ರ ಕೋವಿಡ್ ನಂತರ ಮನೆಯಿಂದಲೇ ಕಂಪ್ಯೂಟರ್ ಮೂಲಕ ಸೇರುವ ಅವಕಾಶ ಬಂದಿರುವುದು ನಿಜವಾದರೂ, ಅನಾಪೊಲಿಸ್‌ನಲ್ಲಿ ಸಂಜೆಯಾದಾಗ ಇಲ್ಲಿ ಬೆಳಗಿನ ಜಾವ!

ನಮ್ಮಲ್ಲಿ ಇಂಥದ್ದು ಇರಲಿಲ್ಲವೆ? ಬೇರೆ ರೂಪದಲ್ಲಿ ಇತ್ತು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ತರಬೇತಿಯಿಲ್ಲದ ಶಿಕ್ಷಕರಿಗೆ ಬೇಸಿಗೆಯಲ್ಲಿ ತರಗತಿ, ಉಳಿದ ಕಾಲದಲ್ಲಿ ಅಂಚೆಯ ಪಾಠ ಎಂಬ ಕ್ರಮದಲ್ಲಿ ಬಿ.ಎಡ್. ಕಲಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಹುಟ್ಟಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಗುಮಾಸ್ತರು, ಕಂಡಕ್ಟರುಗಳು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಎಷ್ಟೋ ಜನ ಎಂ.ಎ. ಎಂಬ ಎರಡು ಅಕ್ಷರ ಕಂಡದ್ದು ಈ ಬಾಗಿಲಿನಿಂದ. ಆದರೆ ಸಿದ್ಧಪಾಠದ ಪೊಟ್ಟಣ ಮನೆಗೆ ಬರುತ್ತದೆ, ಮಾತಾಡುವ ಮೇಜು ಬರುವುದಿಲ್ಲ. ಕೆಲವು ದಿನಗಳ ಸಂಪರ್ಕ ತರಗತಿಯಲ್ಲಿ ಪರೀಕ್ಷೆಗೆ ಬರುವ ಪ್ರಶ್ನೆ ಯಾವುವು ಎಂದು ಕೇಳುವಷ್ಟಕ್ಕೇ ಹೊತ್ತು ಮುಗಿಯುತ್ತದೆ.

ಈಚೆಗೆ ಚಿತ್ರ ಸ್ವಲ್ಪ ಬದಲಾಗಿದೆ. ಕರ್ನಾಟಕದ 2010ರ ಕಾಯ್ದೆಯಡಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2011ರಲ್ಲಿ ಮೊದಲು ತೆರೆದದ್ದೇ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳ ಸ್ನಾತಕೋತ್ತರ ತರಗತಿಗಳನ್ನು. ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಕೆಲಸ ಮಾಡಿದವರೂ ಅಲ್ಲಿ ಬಂದು ಸೇರುತ್ತಾರೆ. ಅದೇ 2011ರಲ್ಲಿ ಉತ್ತರದಲ್ಲಿ ಯಂಗ್ ಇಂಡಿಯಾ ಫೆಲೋಶಿಪ್ ಎಂಬ ಒಂದು ವರ್ಷದ ವಸತಿ ಕೋರ್ಸು ಆರಂಭವಾಯಿತು. ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ಬಂದ ಅಶೋಕ ವಿಶ್ವವಿದ್ಯಾಲಯ ಅದನ್ನು ಮುಂದುವರಿಸಿತು. ಎರಡೂ ಕಡೆ ಕೆಲಸ ಬಿಟ್ಟು ಬಂದು ಕೂರುವವರಿಗೇ ಹೆಚ್ಚು ಅನುಕೂಲ. ಸಂಸಾರ, ಸಾಲದ ಕಂತು ಇರುವ ನಲವತ್ತರ ಪ್ರಾಯದವರಿಗೆ ಅಷ್ಟು ಸುಲಭವಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಆಯ್ದುಕೊಂಡ ವಿಷಯವೇ ಬದುಕಿನ ಕೊನೆಯ ಬಸ್ಸು ಎಂಬಂತೆ ನಮ್ಮ ಮನೆಗಳಲ್ಲಿ ಮೇ ತಿಂಗಳಿಡೀ ಜಗಳ ನಡೆಯುತ್ತದೆ. ಇತಿಹಾಸ ಇಷ್ಟ ಎಂದ ಹುಡುಗಿಯನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸಿ ಆಗುತ್ತದೆ. ಅವಳ ಮುಂದೆ ಇನ್ನೂ ನಲವತ್ತು ವರ್ಷದ ಓದು ಉಳಿದಿದೆ ಎಂಬುದನ್ನು ತಂದೆತಾಯಿ ಅವಳಿಗೆ ಹೇಳಬಹುದು. ತಾವೇ ಒಂದು ಪುಸ್ತಕ ತೆರೆದು ಕೂತರೆ ಅವಳು ನಂಬಲೂಬಹುದು.

ಆದರೆ ಯಾವ ಪದವಿಗೂ ಹಣ ಕಟ್ಟುವ ಮುನ್ನ, ತಾವು ಬಯಸುತ್ತಿರುವುದು ಹುದ್ದೆಯನ್ನೋ ವಿದ್ಯೆಯನ್ನೋ ಎಂದು ಮನೆಯಲ್ಲಿ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ಪಿ.ಯು. ಉಪನ್ಯಾಸಕ ಹುದ್ದೆಗೆ ಆಯಾ ವಿಷಯದಲ್ಲೇ ಸ್ನಾತಕೋತ್ತರ ಪದವಿ ಬೇಕು. 'ಲಿಬರಲ್ ಸ್ಟಡೀಸ್' ಎಂಬ ಎಂ.ಎ. ಇಟ್ಟುಕೊಂಡು ಭೌತಶಾಸ್ತ್ರಕ್ಕೂ ಇತಿಹಾಸಕ್ಕೂ ಅರ್ಜಿ ಹಾಕಲಾಗದು. ವಿದೇಶದ ಪದವಿಯಾದರೆ ಇಲ್ಲಿ ತತ್ಸಮಾನವೆಂದು ಪರಿಗಣಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. 2025ರಲ್ಲಿ ಯು.ಜಿ.ಸಿ. ಇದಕ್ಕೆ ಹೊಸ ನಿಯಮಗಳನ್ನು ತಂದಿದೆ. ಸರ್ಕಾರಿ ನೌಕರರು ಇಲಾಖೆಯ ಪೂರ್ವಾನುಮತಿ ಪಡೆಯದೆ ಸೇರಿದರೆ ಮುಂದೆ ಸೇವಾ ಪುಸ್ತಕದಲ್ಲಿ ಪದವಿ ನಮೂದಿಸುವಾಗ ಅಲೆದಾಟ ತಪ್ಪುವುದಿಲ್ಲ. ಮಾನ್ಯತೆಯ ಮಾತನ್ನಂತೂ ಹಗುರವಾಗಿ ಕಾಣುವಂತಿಲ್ಲ: ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2013–14ರಿಂದ ಯು.ಜಿ.ಸಿ. ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮತ್ತೆ ದೊರೆಯುವವರೆಗೆ, ನಡುವೆ ಸೇರಿದವರು ಪಟ್ಟ ಪಾಡು ಹಲವು ಮನೆಗಳಿಗೆ ಗೊತ್ತು.

ವಿದ್ಯೆಯೇ ಸಾಕು, ಪದವಿ ಬೇಡ ಎನ್ನುವವರಿಗೆ ದಾರಿ ಇನ್ನೂ ಅಗ್ಗ. ಯೂಕ್ಲಿಡ್‌ನ ಗ್ರಂಥಕ್ಕೆ ಥಾಮಸ್ ಹೀತ್ 1908ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಶನಿವಾರ ಮಧ್ಯಾಹ್ನ ಒಂದು ಕೊಠಡಿ ಖಾಲಿಯೇ ಇರುತ್ತದೆ. ಬ್ಯಾಂಕಿನವರೊಬ್ಬರು, ಒಬ್ಬ ವಕೀಲರು, ಇಬ್ಬರು ಮೇಷ್ಟರು, ಆಸ್ಪತ್ರೆಯ ಒಬ್ಬ ಸಿಸ್ಟರ್ ಸೇರಿದರೆ ಮೊದಲ ಪ್ರಮೇಯಕ್ಕೆ ಒಂದು ಮಧ್ಯಾಹ್ನ ಬೇಕಾಗುತ್ತದೆ. ಕೈವಾರವನ್ನು ಮಾತ್ರ ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಕೇಳಿ ತರಬೇಕು.